ಭಾನುವಾರ ಹರವಿದ ದುಪ್ಪಟಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ಗೊತ್ತಿಲ್ಲ ಎಂದು ಹೇಳಿಕೊಳ್ಳುವುದೇ ಕಥೆಗಾರರಿಗೆ ಈಗ ಒಂದು ಫ್ಯಾಶನ್, ಹಾಗಾಗಿ ನೀವು ನಂಬದಿರಬಹುದು. ಆದರೆ ನಿಜಕ್ಕೂ ಗೊತ್ತಾಗುತ್ತಿಲ್ಲ. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಹೊಡೆದು ಹಾಕಿದ್ದೇನೆ.

ಮೊದಲನೆಯದು ಹೀಗಿತ್ತು: “೧೯೪೪ರ ಮಾರ್ಚ್ ತಿಂಗಳು. ಸಮುದ್ರದ ಗಾಳಿಗೆ ಸಿಗ್ನೆಯ ಕೆಂಪು ಸ್ವೆಟರ್ ಹಗ್ಗದ ಮೇಲೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕೆಂಪು ಸ್ವೆಟರ್ ಎಂದರೆ ಯುದ್ಧನೌಕೆ. ಪಕ್ಕದ ಮೂರು ಕಾಲುಚೀಲ ಎಂದರೆ ಬೆಂಗಾವಲಿನ ಮೂರು ಸಣ್ಣ ಹಡಗು.”

ಚೆನ್ನಾಗಿದೆ ಅಲ್ಲವೇ? ಚೆನ್ನಾಗಿರಲೇಬೇಕು, ಅರವತ್ತು ವರ್ಷ ತಿಕ್ಕಿ ತಿಕ್ಕಿ ಹೊಳಪು ಬರಿಸಿದ ಸುಳ್ಳು ಅದು. ನಮ್ಮ ಸ್ಕಾರ್ವಾ ದ್ವೀಪದ ಮ್ಯೂಸಿಯಮ್ಮಿನಲ್ಲಿ ಈ ಸಂಕೇತಗಳನ್ನೆಲ್ಲ ಅಡುಗೆಮನೆಯ ಕೈವಸ್ತ್ರದ ಮೇಲೆ ಅಚ್ಚು ಹಾಕಿಸಿ ಮಾರುತ್ತಾರೆ. ನಮ್ಮ ಮನೆಯಲ್ಲೂ ಎರಡಿವೆ. ಪಾತ್ರೆ ಒರೆಸುವುದಕ್ಕೆ ಏನೂ ಮೋಸವಿಲ್ಲ.

(ನಾನು ಯಾರು ಎಂದು ಕೇಳುತ್ತೀರಿ. ಮೂವತ್ತು ವರ್ಷದ ಹಿಂದೆ ಸ್ಟೈನಾರ್ ಎಂಬ ಮೀನಿನ ದೋಣಿಯವನನ್ನು ಕಟ್ಟಿಕೊಂಡು ದಾವಣಗೆರೆಯಿಂದ ನಾರ್ವೆಯ ಈ ದ್ವೀಪಕ್ಕೆ ಬಂದವಳು. ಇಲ್ಲಿನ ಲೈಬ್ರರಿ ನೋಡಿಕೊಳ್ಳುತ್ತೇನೆ. ಕಥೆ ಬರೆಯುತ್ತೇನೆ ಎಂಬ ಗುಟ್ಟು ಹೇಗೋ ಹೊರಬಿದ್ದು ಈ ಪೇಚಿಗೆ ಸಿಕ್ಕಿಕೊಂಡೆ.)

ಪೇಚು ಇಷ್ಟು. ಯುದ್ಧದಲ್ಲಿ ಸತ್ತ ಮೂವರ ಸ್ಮಾರಕದ ಕಲ್ಲು ಬಂದರಿನ ಪಕ್ಕದಲ್ಲಿದೆ. ಎಂಬತ್ತು ವರ್ಷವಾಯಿತು ಎಂದು ಪಂಚಾಯಿತಿಯವರು ಕಲ್ಲಿನ ಪಕ್ಕಕ್ಕೊಂದು ಹೊಸ ಫಲಕ ಹಾಕಿಸುತ್ತಿದ್ದಾರೆ. “ನಡೆದದ್ದು ಏನು ಎಂದು ನೂರಿಪ್ಪತ್ತು ಪದಗಳಲ್ಲಿ ಬರೆದುಕೊಡಿ, ಸೋಮವಾರದ ಒಳಗೆ” ಎಂದು ಮೇಲ್ ಬಂತು. ನಡೆದದ್ದು ಏನು! ಕೇಳುವವರಿಗೇನು, ಕೇಳಿಬಿಡುತ್ತಾರೆ.

೨

ಊರು ಹೇಳುವ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಅದನ್ನು ಬಿಚ್ಚೋಣ.

ಜರ್ಮನರು ನಾರ್ವೆಯನ್ನು ಹಿಡಿದುಕೊಂಡಿದ್ದ ಕಾಲ. ನಮ್ಮ ದ್ವೀಪದ ಎದುರಿಗೆ ಒಂದು ಕಲ್ಲಿನ ಕುದುರು, ಪುಟ್ಟ ನಡುಗಡ್ಡೆ ಇದೆ, ಬೂದುಬಂಡೆ ಎನ್ನುತ್ತೇವೆ. ಅಲ್ಲಿ ಕುರಿಗಳ ಗುಡಿಸಲಿನಲ್ಲಿ ಮೂವರು ಗಂಡಸರು ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಅಡಗಿದ್ದರು. ಜರ್ಮನ್ ಹಡಗು ಹಾದುಹೋದಾಗಲೆಲ್ಲ ಲಂಡನ್ನಿಗೆ ಸುದ್ದಿ ಕಳಿಸುತ್ತಿದ್ದರು. ಸಿಗ್ನೆ ಎಂಬ ವಿಧವೆಯ ಮನೆ ಇತ್ತ ಇಳಿಜಾರಿನಲ್ಲಿತ್ತು. ಅವಳ ಬಟ್ಟೆ ಹಗ್ಗ ಅತ್ತಲಿಂದ ದುರ್ಬೀನಿಗೆ ಸರಿಯಾಗಿ ಕಾಣುತ್ತಿತ್ತು. ಅವಳು ಬಟ್ಟೆಯ ಬಣ್ಣದಲ್ಲಿ, ಲೆಕ್ಕದಲ್ಲಿ ಸುದ್ದಿ ಹೇಳುತ್ತಿದ್ದಳು. ಬಿಳಿ ದುಪ್ಪಟಿ ಮಾತ್ರ ಅಪಾಯದ ಗುರುತು: ಸುಮ್ಮನಿರಿ, ಮೆಷಿನ್ ಮುಟ್ಟಬೇಡಿ.

ಮಾರ್ಚ್ ಹನ್ನೆರಡರಂದು ಬೆಳಿಗ್ಗೆ ಹನ್ನೊಂದಕ್ಕೆ ಹಗ್ಗ ಖಾಲಿಯಿತ್ತು. ಮೂವರೂ ಮೆಷಿನ್ ಹಚ್ಚಿದರು. ಜರ್ಮನರು ನೇರವಾಗಿ ಬೂದುಬಂಡೆಗೆ ಬಂದು ಮೂವರನ್ನೂ ಅಲ್ಲೇ ಗುಂಡಿಟ್ಟು ಕೊಂದರು. ಯಾರೋ ಸುಳಿವು ಕೊಟ್ಟಿರಬೇಕು. ಆ ಯಾರೋ ಎಂದರೆ ಅಂಗಡಿಯ ಆನ್‌ಫಿನ್. ಹಿಂದಿನ ದಿನ ಮಧ್ಯಾಹ್ನ ಅವನು ಜರ್ಮನ್ ದೋಣಿಯಿಂದ ಸಿಗರೇಟಿನ ಪ್ಯಾಕ್ ಹಿಡಿದುಕೊಂಡು ಇಳಿದದ್ದನ್ನು ಬಂದರಿನಲ್ಲಿದ್ದವರೆಲ್ಲ ನೋಡಿದ್ದರು.

ಯುದ್ಧ ಮುಗಿದ ಮೇಲೆ ಆನ್‌ಫಿನ್‌ನನ್ನು ವಿಚಾರಣೆ ಮಾಡಿ, ಸಾಕ್ಷಿ ಇಲ್ಲ ಎಂದು ಬಿಟ್ಟರು. ಊರು ಬಿಡಲಿಲ್ಲ. ಅಂಗಡಿಗೆ ಹೋಗುವುದನ್ನು ನಿಲ್ಲಿಸಿತು, ಅಷ್ಟೇ. ೧೯೫೧ರಲ್ಲಿ ಒಂದು ಮಧ್ಯಾಹ್ನ ಅವನು ಹುಟ್ಟು ಹಾಕಿಕೊಂಡು ಸಮುದ್ರಕ್ಕೆ ಹೋದ. ದೋಣಿ ಒಂದೇ ವಾಪಸ್ಸು ಬಂತು.

ಇನ್ನು ಬಿಚ್ಚೋಣ. ಕಾಗದಪತ್ರಗಳಲ್ಲಿ ಸಿಗ್ನೆಯ ಹೆಸರೇ ಇಲ್ಲ, “ಮೊಟ್ಟೆಯ ಹೆಂಗಸು” ಎಂದಿದೆ. ಮೊಟ್ಟೆ ಬುಟ್ಟಿಯ ತಳದಲ್ಲಿ ಚೀಟಿ ಇಟ್ಟು ಸಾಗಿಸುತ್ತಿದ್ದಳು, ಸುದ್ದಿಯೆಲ್ಲ ಹಾಗೇ ಹೋಗುತ್ತಿತ್ತು. ಕೆಂಪು ಸ್ವೆಟರ್, ಕಾಲುಚೀಲ ಎಲ್ಲ ಅರವತ್ತರ ದಶಕದ ಒಬ್ಬ ಪತ್ರಕರ್ತನ ಕೈಚಳಕ. ನೀವೇ ಯೋಚಿಸಿ, ಒಂದು ದಿನ ಹದಿನಾರು ಹಡಗು ಬಂದರೆ ಬಡ ವಿಧವೆ ಹದಿನಾರು ಕಾಲುಚೀಲಕ್ಕೆ ಎಲ್ಲಿಗೆ ಹೋಗಬೇಕು? ಜರ್ಮನ್ ಕ್ಯಾಪ್ಟನ್ ಜೊತೆ ಮಲಗಿದ್ದಳು, ಲಂಗದ ಅಂಚಿನಲ್ಲಿ ವಿಷದ ಗುಳಿಗೆ ಹೊಲಿದುಕೊಂಡಿದ್ದಳು ಎನ್ನುವುದೂ ಅವನದೇ. ಮ್ಯೂಸಿಯಮ್ಮಿನ ಗೋಡೆಯ ಮೇಲೆ ಗಾಂಭೀರ್ಯದಿಂದ ನಮ್ಮನ್ನು ನೋಡುವ ಸಿಗ್ನೆ ಕೂಡ ಸಿಗ್ನೆಯಲ್ಲ, ಅವನು ಫೋಟೋಗೆಂದು ಬೇರೆ ಊರಿನಿಂದ ಕರೆತಂದ ಹೆಂಗಸು. ನಿಜವಾದ ಸಿಗ್ನೆಯ ಫೋಟೋ ಇರುವುದು ಒಂದೇ. ಅದರಲ್ಲಿ ಅವಳು ನಮಗೆ ಬೆನ್ನು ಹಾಕಿ ಬಟ್ಟೆ ಹರವುತ್ತಿದ್ದಾಳೆ.

ಆದರೆ ಬಿಳಿ ದುಪ್ಪಟಿ ಮಾತ್ರ ನಿಜ. ಯುದ್ಧದ ನಂತರ ಸಿಗ್ನೆ ಕೊಟ್ಟ ಹೇಳಿಕೆಯ ಒಂದು ಹಾಳೆ ಉಳಿದಿದೆ. ಅದರಲ್ಲಿ ಅಧಿಕಾರಿ ಕೇಳುತ್ತಾನೆ: ಎಚ್ಚರಿಕೆಯ ಗುರುತು ಹಾಕಿದ್ದಿರಾ? “ಹಾಕಿದ್ದೆ.” ಹಾಗಾದರೆ ಅವರಿಗೆ ಯಾಕೆ ಕಾಣಲಿಲ್ಲ? ಉತ್ತರವಿಲ್ಲ. ಜರ್ಮನ್ ದೋಣಿಯ ವಿಷಯ ನಿಮಗೆ ತಿಳಿಸಿದ್ದು ಯಾರು? ಉತ್ತರವಿಲ್ಲ. ಕೆಳಗೆ ಅಧಿಕಾರಿ ಬರೆದುಕೊಂಡಿದ್ದಾನೆ: “ಸಾಕ್ಷಿ ದುಃಖದಿಂದ ಗೊಂದಲದಲ್ಲಿದ್ದಾರೆ.”

ಹಾಕಿದ್ದೆ. ಇದೊಂದು ಪದಕ್ಕೆ ನಾನು ಸಿಕ್ಕಿಬಿದ್ದೆ. ಹಾಕಿದ್ದಳು, ಆದರೆ ಹಗ್ಗ ಖಾಲಿಯಿತ್ತು.

೩

ಈಗ ಕಥೆಯನ್ನು ಅಲ್ಲೇ ಬಿಟ್ಟು ನನ್ನ ಬಗ್ಗೆ ಹೇಳಿಕೊಳ್ಳುತ್ತೇನೆ. (ಈ ಬಗೆಯ ಕಥೆಗಳಲ್ಲಿ ಅದು ನಡೆಯುತ್ತದೆ. ಬೇಡವಾದರೆ ನಾಲ್ಕಕ್ಕೆ ಹೋಗಿ. ಹೋದರೆ ಕಥೆ ಅರ್ಥವಾಗುವುದಿಲ್ಲ, ಅದು ಬೇರೆ ಮಾತು.)

ಇಲ್ಲಿಗೆ ಬಂದ ಮೊದಲ ವಸಂತ. ಒಂದು ದಿನ ಬಿಸಿಲು ಬಿತ್ತು. ಇಲ್ಲಿ ಬಿಸಿಲು ಬೀಳುವುದು ವಿಶೇಷವಾದ್ದರಿಂದ ನಾನು ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಗೆದು ಹಗ್ಗದ ತುಂಬ ಹರವಿ, ಸ್ಟೈನಾರ್ ಜೊತೆ ಗುಡ್ಡದ ಕಡೆ ತಿರುಗಾಡಲು ಹೋದೆ. ವಾಪಸ್ಸು ಬಂದಾಗ ಹಗ್ಗದ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ. ಬಟ್ಟೆಯೆಲ್ಲ ಮಡಚಿ, ಅಂಚಿಗೆ ಅಂಚು ಕೂಡಿಸಿ, ಬಾಗಿಲ ಮೆಟ್ಟಿಲ ಮೇಲೆ ಪೇರಿಸಿಟ್ಟಿತ್ತು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಯಾರು ಮಾಡಿದ್ದಿದು?” ಎಂದು ಕೂಗಾಡಿದೆ.

ಸ್ಟೈನಾರ್ ನಕ್ಕ. “ಇವತ್ತು ಭಾನುವಾರ ಕಣೇ.”

“ಭಾನುವಾರ ಆದ್ರೇನು? ನಮ್ಮೂರಲ್ಲಿ ಬಟ್ಟೆ ಒಗಿಯೋದೇ ಭಾನುವಾರ.”

“ನಿಮ್ಮೂರಲ್ಲಿ ಒಗಿ. ಇಲ್ಲಿ ಶನಿವಾರ ಸಂಜೆ ಚರ್ಚ್ ಗಂಟೆ ಹೊಡೆದ ಮೇಲೆ ಸೂಜೀನೂ ಮುಟ್ಟಲ್ಲ. ಬಟ್ಟೆ ಹರವಿದ್ರೆ ದೇವರ ಎದುರಿಗೆ ಲಂಗ ಎತ್ತಿದ ಹಾಗೆ. ಯಾರೋ ಪುಣ್ಯಾತ್ಗಿತ್ತಿ, ಪ್ರಾರ್ಥನೆ ಮುಗಿಸಿಕೊಂಡು ಜನ ಬರೋಕ್ಮುಂಚೆ ತೆಗೆದು ನಿನ್ನ ಮಾನ ಉಳಿಸಿದ್ದಾಳೆ.”

“ಬಂದು ಹೇಳಬಹುದಿತ್ತಲ್ಲ?”

“ಹೇಳಿದ್ರೆ ನಿನಗೆ ಅವಮಾನ ಆಗಲ್ವಾ? ಅದಕ್ಕೇ ಹೇಳಲ್ಲ. ಯಾರು ತೆಗೆದ್ರು ಅಂತ ನೀನೂ ಕೇಳಬಾರದು. ಕೇಳಿದ್ರೆ ಅವರಿಗೆ ಅವಮಾನ.”

ಮೂವತ್ತು ವರ್ಷ ನಾನು ಕೇಳಲಿಲ್ಲ. ಇದನ್ನು ಊಟಕ್ಕೆ ಬಂದ ನೆಂಟರಿಗೆಲ್ಲ ತಮಾಷೆಯಾಗಿ ಹೇಳಿಕೊಂಡು ಬಂದೆ. ಮೊನ್ನೆ ಆ ಹೇಳಿಕೆಯ ಹಾಳೆ ಓದುತ್ತಿದ್ದಾಗ ಕೈ ತಾನಾಗಿಯೇ ಹಳೆಯ ಕ್ಯಾಲೆಂಡರಿಗೆ ಹೋಯಿತು. ಮ್ಯೂಸಿಯಮ್ಮಿನವರು ಎಲ್ಲ ಕಡೆ ತಾರೀಕು ಬರೆದಿದ್ದರು, ವಾರ ಬರೆದಿರಲಿಲ್ಲ. ೧೯೪೪ರ ಮಾರ್ಚ್ ಹನ್ನೆರಡು ಭಾನುವಾರ.

ಲೈಬ್ರರಿಯಲ್ಲಿ ಯಾರೂ ಇರಲಿಲ್ಲ. ನನ್ನ ಬೆನ್ನ ಹಿಂದೆ ಯಾರೋ ಒದ್ದೆ ಬಟ್ಟೆಯನ್ನು ಜೋರಾಗಿ ಒಮ್ಮೆ ಒದರಿದ ಸದ್ದಾಯಿತು.

೪

ತೋರ್ಡಿಸ್ ಬಗ್ಗೆ ಬರೆಯದೆ ಇರೋಣ ಎಂದುಕೊಂಡಿದ್ದೆ, ಏಕೆಂದರೆ ಅವರು ಬದುಕಿದ್ದಾರೆ. ಸತ್ತವರ ಜೊತೆ ಜಗಳವಾಡುವುದು ಸುಲಭ.

ತೋರ್ಡಿಸ್ ಆನ್‌ಫಿನ್‌ನ ಮಗಳು. ಎಂಬತ್ತನಾಲ್ಕು ವರ್ಷ. ನಲವತ್ತು ವರ್ಷ ಈ ದ್ವೀಪದ ಅಂಚೆ ಹಂಚಿದವರು. ಇಲ್ಲಿ ಕದ ತಟ್ಟಿದವರು ಯಾರೇ ಆಗಲಿ ಕಾಫಿ ಕುಡಿಸದೆ ಕಳಿಸುವುದಿಲ್ಲ, ಒಣಮೀನು ಕೊಳ್ಳಲು ಬಂದ ಅಪರಿಚಿತನಿಗೂ ಒಂದು ಲೋಟ ಇದ್ದೇ ಇರುತ್ತದೆ. ನಲವತ್ತು ವರ್ಷ ಪ್ರತಿ ಬಾಗಿಲಿಗೂ ಹೋದ ತೋರ್ಡಿಸ್‌ಗೆ ಯಾರೂ ಒಳಗೆ ಬಾ ಎನ್ನಲಿಲ್ಲ. ಕಾಗದ ಇಸಿದುಕೊಂಡು, ಥ್ಯಾಂಕ್ಸ್ ಹೇಳಿ, ಬಾಗಿಲು ಹಾಕಿಕೊಂಡರು. ಇದನ್ನು ನನಗೆ ಅವರು ಹೇಳಿದ್ದಲ್ಲ, ಸ್ಟೈನಾರ್ ಹೇಳಿದ್ದು. ಅವನ ತಾಯಿಯೂ ಹಾಗೇ ಬಾಗಿಲು ಹಾಕಿಕೊಂಡವರಲ್ಲಿ ಒಬ್ಬರು.

ಫಲಕದ ಸುದ್ದಿ ಕೇಳಿ ತೋರ್ಡಿಸ್ ಲೈಬ್ರರಿಗೆ ಬಂದರು. ಪುಸ್ತಕದ ಕಪಾಟುಗಳ ನಡುವೆ ಸುಮ್ಮನೆ ಸುತ್ತಾಡಿ, ಕೊನೆಗೆ ನನ್ನ ಮೇಜಿನ ಹತ್ತಿರ ನಿಂತರು.

“ನೀವೇ ಬರೀತಿದೀರಂತೆ?”

“ಹೌದು. ಕೂತ್ಕೊಳಿ, ಕಾಫಿ ಕೊಡ್ತೀನಿ.”

“ಬೇಡ, ಅಭ್ಯಾಸ ಇಲ್ಲ.” ಅವರು ನಗಲಿಲ್ಲ, ವ್ಯಂಗ್ಯವೂ ಇರಲಿಲ್ಲ. “ನಂಗೆ ಜಾಸ್ತಿ ಏನೂ ಬೇಡ. ಒಂದೇ ಒಂದು ವಾಕ್ಯ. ನಮ್ಮಪ್ಪ ಸುಳಿವು ಕೊಟ್ಟಿಲ್ಲ ಅಂತ. ನಿಜ ಆಗಿದ್ರೆ ಮಾತ್ರ ಬರೀರಿ.”

“ನಿಜ ಅಂತ ನಿಮಗೆ ಗೊತ್ತಾ?”

“ನಂಗೆ ಆಗ ನಾಲ್ಕು ವರ್ಷ. ಏನು ಗೊತ್ತಿರುತ್ತೆ? ಒಂದ್ಸಲ ಅಪ್ಪನ್ನ ಕೇಳಿದ್ದೆ. ‘ಸಿಗ್ನೆ ಹೇಳ್ತಾಳೆ’ ಅಂದ್ರು. ಏಳು ವರ್ಷ ಕಾದ್ರು. ಸಿಗ್ನೆ ಹೇಳ್ಲಿಲ್ಲ.” ಕೈಗವಸು ಹಾಕಿಕೊಂಡು, “ಕೊಟ್ಟಿದ್ರೆ ಅದನ್ನೇ ಬರೀರಿ ಮತ್ತೆ. ಯಾವುದೋ ಒಂದು ಗೊತ್ತಾದ್ರೆ ಸಾಕಾಗಿದೆ ನಂಗೆ” ಎಂದು ಹೊರಟುಹೋದರು.

ಅವರು ಹೋದ ಮೇಲೆ ನಾನು ಅತ್ತೆ. ಕಥೆಗಾರ್ತಿ ಅಳಬಾರದು, ಓದುಗರನ್ನು ಅಳಿಸಬೇಕು ಎನ್ನುತ್ತಾರೆ. ಹೇಳಿಕೊಳ್ಳಲಿ.

೫

ಈ ಐದನೆಯ ಭಾಗವನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಒಳ್ಳೆಯ ಗಾಳಿ ಬೀಸಿ ದುಪ್ಪಟಿಯನ್ನು ಹಾರಿಸಿಕೊಂಡು ಹೋಗಿತ್ತು. ಯಾರದೂ ತಪ್ಪಿರಲಿಲ್ಲ, ಎಲ್ಲರಿಗೂ ನೆಮ್ಮದಿಯಾಗಿತ್ತು. ಊಟ ಮುಗಿಸಿ ಬಂದು ನೋಡಿದರೆ ಹಾಳೆಯೆಲ್ಲ ಒದ್ದೆ. ಮೇಜು ಒಣಗಿತ್ತು, ಪೆನ್ನು ಒಣಗಿತ್ತು, ಆ ಒಂದು ಹಾಳೆಯಿಂದ ಮಾತ್ರ ನೀರು ಹಿಂಡಬಹುದಿತ್ತು. ಮೂಸಿದರೆ ಬೂದಿಯ ಸೋಪಿನ ವಾಸನೆ.

೬

“ಯಾಕೆ ಒದ್ದೆ ಮಾಡಿದೆ?” ಎಂದು ಕೇಳಿದೆ.

ಸಿಗ್ನೆ ಬೆನ್ನು ತಿರುಗಿಸಿಕೊಂಡೇ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದಳು. (ಇದು ನನ್ನ ಡ್ರಾಫ್ಟಿನಲ್ಲಿ. ಆಗ ಮಧ್ಯಾಹ್ನ ಎರಡು ಗಂಟೆ, ನಾನು ಎಚ್ಚರವಾಗಿದ್ದೆ, ಕುಡಿದಿರಲಿಲ್ಲ.)

“ಗಾಳಿ ಮೇಲೆ ಹಾಕ್ತೀಯಲ್ಲ ಮಾರಾಯ್ತಿ” ಎಂದಳು. “ಆವತ್ತು ಎಲೆ ಅಲ್ಲಾಡ್ಲಿಲ್ಲ. ಹಾಗೆ ಗಾಳಿ ಇಲ್ಲದ ದಿನಾನ ನಾನು ಆಮೇಲೆ ನೋಡೇ ಇಲ್ಲ.”

“ಹಾಗಾದ್ರೆ ನಡೆದದ್ದು ಏನು, ನೀನೇ ಹೇಳು.”

“ಹೇಳಿದೀನಲ್ಲ. ಹಾಕಿದ್ದೆ.”

“ಆಮೇಲೆ?”

“ಆಮೇಲೆ ಪ್ರಾರ್ಥನೆಗೆ ಹೋದೆ. ನಾನು ಹೋಗ್ಲಿಲ್ಲ ಅಂದ್ರೆ ಜನ ಕೇಳ್ತಾರೆ. ಭಾನುವಾರ ದುಪ್ಪಟಿ ಹರವೋದು ಪಾಪ. ಮೂರು ಜೀವಕ್ಕೋಸ್ಕರ ಪಾಪ ಮಾಡಿದ್ದೆ. ಮಾಡಿದ ಪಾಪಾನೂ ದಕ್ಕಲಿಲ್ಲ.”

“ನಿನ್ನ ಪಕ್ಕದ ಮನೆಯಲ್ಲಿ ಯಾರಿದ್ದರು?”

ಅವಳ ಕೈ ನಿಂತಿತು. ಮುಖ ತಿರುಗಿಸುತ್ತಾಳೆ ಎಂದುಕೊಂಡೆ. ತಿರುಗಿದಳು ಕೂಡ, ಆದರೆ ಅಷ್ಟರಲ್ಲಿ ಒದ್ದೆ ದುಪ್ಪಟಿ ನಮ್ಮಿಬ್ಬರ ನಡುವೆ ಬಂತು. ಗಾಳಿ ಇರಲಿಲ್ಲ. ಆ ಬಿಳಿಯ ಮೇಲೆ ಒಳಗಿನಿಂದ ಯಾರೋ ಮುಖ ಒತ್ತಿದ ಹಾಗೆ ಮೂಗು, ಹಣೆ, ಬಾಯಿ ಮೂಡಿದವು. ಬಾಯಿ ಮುಚ್ಚಿತ್ತು.

ನಾನು ಪೆನ್ನು ಮುಚ್ಚಿಟ್ಟು ಸಿಗ್ನೆಯ ಪಕ್ಕದ ಮನೆಗೆ ಹೋದೆ.

೭

ಸಿಗ್ನೆಯ ಮನೆ ಈಗ ಬೇಸಿಗೆಗೆ ಬರುವ ಓಸ್ಲೋ ಜನರದ್ದು. ಅವಳ ಪಕ್ಕದ ಮನೆ ಒಂದೇ ಒಂದು, ಆಗಲೂ ಅಷ್ಟೇ, ಈಗಲೂ ಅಷ್ಟೇ. ಆಗ ಅಲ್ಲಿ ಓಲೀನೆ ಎಂಬವರಿದ್ದರು. ಈಗ ಅವರ ಮಗಳು ರಗ್ನಾ ಇದ್ದಾರೆ, ಎಂಬತ್ತೆಂಟು ವರ್ಷ, ಗಾಲಿ ವಾಕರ್ ಹಿಡಿದು ಓಡಾಡುತ್ತಾರೆ. ನಾಲಿಗೆಗೆ ವಾಕರ್ ಬೇಕಿಲ್ಲ.

“ಬಾ ಬಾ, ಲೈಬ್ರರಿಯೋಳೇ. ಪುಸ್ತಕ ವಾಪಸ್ಸು ಕೇಳೋಕೆ ಬಂದ್ಯಾ? ಓದಿ ಮುಗಿದಿಲ್ಲ, ಸಾಯೋದ್ರೊಳಗೆ ಕೊಡ್ತೀನಿ.”

ವಾಫೆಲ್ ಎಂಬ ಚೌಕಳಿ ದೋಸೆ ಮಾಡಿದ್ದರು. ಕಂದು ಚೀಸ್ ಇಟ್ಟುಕೊಟ್ಟರು. ಎರಡನೇ ಲೋಟ ಕಾಫಿಯಾಗುವವರೆಗೂ ಹವಾಮಾನ, ದೋಣಿಯ ಟಿಕೆಟ್ ದರ, ಹೊಸ ಪಾದ್ರಿಯ ಗಡ್ಡ. ಆಮೇಲೆ ನಾನು ನನ್ನ ಮೊದಲ ವರ್ಷದ ಬಟ್ಟೆಯ ತಮಾಷೆ ಹೇಳಿದೆ. ಎಲ್ಲರೂ ನಗುತ್ತಾರೆ. ರಗ್ನಾ ನಗಲಿಲ್ಲ.

“ಅದನ್ನ ಮಡಚಿಟ್ಟೋಳು ನಾನೇ” ಎಂದರು.

“ಗೊತ್ತಿರಲಿಲ್ಲ.”

“ಗೊತ್ತಾಗಬಾರದು ಅಂತಾನೇ ಮಾಡೋದು. ನಮ್ಮಮ್ಮ ಕಲಿಸಿದ್ದು.” ಲೋಟದ ಕಿವಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತರು. “ಯಾವುದಕ್ಕೆ ಬಂದಿದೀಯ ಅಂತ ಗೊತ್ತಾಯ್ತು ಬಿಡು. ಎಂಬತ್ತು ವರ್ಷದಿಂದ ಯಾರಾದ್ರೂ ಬರ್ತಾರೆ ಬರ್ತಾರೆ ಅಂತ ಕಾಯ್ತಿದ್ವಿ. ಬಂದಿದ್ದು ದಾವಣಗೆರೆಯಿಂದ!”

ಅವರು ಹೇಳಿದ್ದನ್ನು ಇಲ್ಲಿ ಹಾಗೇ ಇಳಿಸುತ್ತೇನೆ. ತಿದ್ದಿಲ್ಲ, ಬಣ್ಣ ಹಚ್ಚಿಲ್ಲ. (ಹೀಗೆ ಹೇಳುವ ಕಥೆಗಾರರನ್ನು ನಾನೂ ನಂಬುವುದಿಲ್ಲ.)

“ಶನಿವಾರ ಸಂಜೆ ಗಂಟೆ ಹೊಡೆದಾಗಿತ್ತು. ನಮ್ಮಮ್ಮ ಕಿಟಕೀಲಿ ನಿಂತಿದ್ಲು. ಅಂಗಡಿ ಆನ್‌ಫಿನ್ ಸಿಗ್ನೆ ಬಾಗಿಲಿಗೆ ಬಂದ. ಟೋಪಿ ಕೈಲಿ ಹಿಡ್ಕೊಂಡು ನಿಂತಿದ್ದ. ಎರಡು ಮಾತು, ಅಷ್ಟೇ, ಹೋದ. ಅವನು ಹೋಗ್ತಿದ್ದ ಹಾಗೇ ಸಿಗ್ನೆ ದುಪ್ಪಟಿ ನೆನೆಹಾಕಿದ್ಲು. ಶನಿವಾರ, ಗಂಟೆ ಆದ ಮೇಲೆ! ನಮ್ಮಮ್ಮಂಗೆ ಜೀವ ಝಲ್ಲಂತು. ಅವನಿಗೂ ಇವಳಿಗೂ ಏನೋ ಇದೆ ಅಂದ್ಕೊಂಡ್ಲು. ವಿಧವೆ ಮನೆಗೆ ಗಂಡಸು ಬಂದು ಹೋಗ್ತಿದ್ದ ಹಾಗೇ ದುಪ್ಪಟಿ ಒಗೀತಾಳೆ ಅಂದ್ರೆ ನೀನಾದ್ರೂ ಏನ್ ಅಂದ್ಕೋತೀಯ?”

“ಆನ್‌ಫಿನ್ ಹೇಳೋಕೆ ಬಂದದ್ದು...”

“ಈಗ ನಂಗೂ ಗೊತ್ತು ಏನಂತ, ಆ ದೋಣೀಲಿ ಏನಿತ್ತು ಅಂತ ಯುದ್ಧ ಮುಗಿದ್ಮೇಲೆ ನಮ್ಮಮ್ಮಂಗೆ ತಿಳೀತು. ಜರ್ಮನ್ ದೋಣಿಗೆ ಆಲೂಗಡ್ಡೆ ಕೊಡೋಕೆ ಹೋದಾಗ ಒಳಗೆ ಮೆಷಿನ್ ನೋಡಿದ್ದಾನೆ. ರೇಡಿಯೋ ಎಲ್ಲಿಂದ ಮಾತಾಡುತ್ತೆ ಅಂತ ಮೂಸಿ ಹಿಡಿಯೋ ಮೆಷಿನ್. ಬೂದುಬಂಡೆಯೋರು ಬಾಯಿ ಬಿಟ್ರೆ ಸಿಕ್ಕಿಬೀಳ್ತಾರೆ. ಅದಕ್ಕೇ ಓಡಿಬಂದಿದ್ದಾನೆ.”

“ಭಾನುವಾರ?”

“ಭಾನುವಾರ ಎಲ್ಲರೂ ಪ್ರಾರ್ಥನಾ ಮಂದಿರದಲ್ಲಿ. ನಂಗೆ ಕೆಮ್ಮಿತ್ತು ಅಂತ ನಮ್ಮಮ್ಮ ತಡವಾಗಿ ಹೊರಟ್ಲು. ನೋಡಿದ್ರೆ ಹಗ್ಗದ ಮೇಲೆ ಬಿಳೀ ದುಪ್ಪಟಿ, ಊರಿಗೇ ಕಾಣೋ ಹಾಗೆ. ಜನ ನೋಡಿದ್ರೆ ಸಿಗ್ನೆ ಕಥೆ ಮುಗೀತು. ಪ್ರೀತಿಯಿಂದ ತೆಗೆದ್ಲು ಕಣೇ. ಮಡಚಿ ಮೆಟ್ಟಿಲ ಮೇಲಿಟ್ಟು, ಪ್ರಾರ್ಥನೆಗೆ ಹೋಗಿ ಸಿಗ್ನೆ ಪಕ್ಕದಲ್ಲೇ ಕೂತ್ಲು. ಹಾಡು ಹೇಳ್ತಾ ಇದ್ದಾಗ ಗುಂಡಿನ ಸದ್ದು ಕೇಳ್ತಂತೆ.”

ರಗ್ನಾ ಎದ್ದು, ವಾಕರ್ ತಳ್ಳಿಕೊಂಡು ಒಳಕೋಣೆಗೆ ಹೋಗಿ, ಪೆಟ್ಟಿಗೆಯಿಂದ ಒಂದು ಬಿಳಿ ಗಂಟು ತಂದು ನನ್ನ ತೊಡೆಯ ಮೇಲಿಟ್ಟರು. ಇಸ್ತ್ರಿ ಮಾಡಿ ಮಡಚಿದ ಲಿನನ್. ಮೂಲೆಯಲ್ಲಿ ನೀಲಿ ದಾರದಲ್ಲಿ ಸಿಗ್ನೆಯ ಹೆಸರಿನ ಮೊದಲ ಅಕ್ಷರ.

“ಮಂಗಳವಾರ ಬೆಳಿಗ್ಗೆ ಇದು ನಮ್ಮ ಮೆಟ್ಟಿಲ ಮೇಲಿತ್ತು. ಹೀಗೇ, ಇಸ್ತ್ರಿ ಮಾಡಿ. ಆಗ ಗೊತ್ತಾಯ್ತು ನಮ್ಮಮ್ಮಂಗೆ, ತಾನು ತೆಗೆದಿದ್ದು ಎಂಥ ಗುರುತು ಅಂತ. ಸಿಗ್ನೆ ಒಂದು ಮಾತೂ ಆಡ್ಲಿಲ್ಲ. ಆಮೇಲೆ ನಲವತ್ಮೂರು ವರ್ಷ ಒಂದೇ ಬೆಂಚಲ್ಲಿ ಕೂತ್ರು. ನಮ್ಮಮ್ಮ ಹಾಡಿನ ಪುಸ್ತಕ ಹಿಡೀತಿದ್ಲು, ಅವಳು ಹಾಳೆ ತಿರುಗಿಸ್ತಿದ್ಲು. ಸಾಯೋ ತನಕ ಇಬ್ರೂ ಒಬ್ಬರ ಹತ್ರ ಒಬ್ಬರು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ, ಕೊನೇಲಿ ನಮ್ಮಮ್ಮ ನಂಗೊಬ್ಳಿಗೆ ಹೇಳಿದ್ಲು.”

“ಆನ್‌ಫಿನ್‌ಗೋಸ್ಕರ ಆದ್ರೂ ಹೇಳಬಹುದಿತ್ತು.”

“ಅವನ ಹೆಸರು ಎತ್ತಿದ್ರೆ ದುಪ್ಪಟಿ ಮಾತು ಬರುತ್ತೆ. ದುಪ್ಪಟಿ ಮಾತು ಬಂದ್ರೆ ಯಾರು ತೆಗೆದ್ರು ಅಂತ ಬರುತ್ತೆ. ಪಕ್ಕದಲ್ಲಿದ್ದಿದ್ದು ಒಂದೇ ಮನೆ.” ರಗ್ನಾ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದರು. “ನಾನೂ ಹೇಳ್ಲಿಲ್ಲ, ತಿಳ್ಕೋ. ತೋರ್ಡಿಸ್ ನಲವತ್ತು ವರ್ಷ ಈ ಬಾಗಿಲಿಗೆ ಕಾಗದ ತಂದ್ಲು. ನಾನೂ ಬಾಗಿಲು ಹಾಕಿದೆ. ಉಳಿದೋರು ಸಿಟ್ಟಿಗೆ ಹಾಕ್ತಿದ್ರು. ನಾನು ಹೆದರಿ ಹಾಕ್ತಿದ್ದೆ.”

ಹೊರಡುವಾಗ ದುಪ್ಪಟಿ ವಾಪಸ್ಸು ಕೊಡಲು ಹೋದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

“ತಗೊಂಡು ಹೋಗು. ಏನ್ ಮಾಡ್ತೀಯೋ ನಂಗೆ ಹೇಳ್ಬೇಡ.”

೮

ದಾರಿಯಲ್ಲಿ ಸಿಗ್ನೆ ಜೊತೆಯಲ್ಲೇ ನಡೆಯುತ್ತಿದ್ದಳು, ಒಂದು ಹೆಜ್ಜೆ ಮುಂದೆ, ಬೆನ್ನು ಮಾತ್ರ ಕಾಣುವ ಹಾಗೆ.

“ಓಲೀನೇದು ತಪ್ಪಲ್ಲ” ಎಂದಳು. “ನನ್ನ ಮೇಲಿನ ಪ್ರೀತಿಗೆ ತೆಗೆದ್ಲು. ಅವಳನ್ನ ಊರಿನ ಬಾಯಿಗೆ ಹಾಕ್ಲಾ?”

“ಸರಿ, ಆನ್‌ಫಿನ್‌ನನ್ನು ಹಾಕಬಹುದಾಗಿತ್ತಾ?”

ಉತ್ತರವಿಲ್ಲ.

“ಏಳು ವರ್ಷ ನಿನ್ನ ಬಾಯಿ ನೋಡಿಕೊಂಡು ಕಾದನಂತೆ.”

ಉತ್ತರವಿಲ್ಲ. (ಸಾಕ್ಷಿ ದುಃಖದಿಂದ ಗೊಂದಲದಲ್ಲಿದ್ದಾರೆ.)

ನನಗೆ ಸಿಟ್ಟು ಬಂತು. ಕೈವಸ್ತ್ರದ ಮೇಲಿನ ಸಿಗ್ನೆಗೆ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ. ಕೆಂಪು ಸ್ವೆಟರ್ ಹರವುತ್ತಾ, ಕ್ಯಾಪ್ಟನ್ನನ್ನು ಮರುಳು ಮಾಡುತ್ತಾ ಸುಖವಾಗಿದ್ದಾಳೆ. ಮೊಟ್ಟೆಯ ಹೆಂಗಸು ಮೂವರನ್ನು ಉಳಿಸಲು ಧೈರ್ಯ ಮಾಡಿದಳು, ಒಬ್ಬನನ್ನು ಉಳಿಸಲು ಮಾಡಲಿಲ್ಲ. ಎರಡೂ ನಿಜ. ಎರಡನ್ನೂ ನೂರಿಪ್ಪತ್ತು ಪದಗಳಲ್ಲಿ ತುರುಕಬೇಕು.

೯

ಮುಕ್ತಾಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಅ) ಫಲಕದಲ್ಲಿ ಎಲ್ಲವನ್ನೂ ಬರೆದೆ, ಓಲೀನೆಯ ಹೆಸರೂ ಸೇರಿ. ತೋರ್ಡಿಸ್ ಅಕ್ಷರಗಳನ್ನು ಮುಟ್ಟಿ ನೋಡಿದರು. ಅಂದಿನಿಂದ ರಗ್ನಾ ಅವರ ಬಾಗಿಲನ್ನು ಯಾರೂ ತಟ್ಟಲಿಲ್ಲ. ಊರಿಗೆ ಬಾಗಿಲು ಹಾಕುವ ಅಭ್ಯಾಸವಿದೆ, ಮನೆ ಬದಲಾದರೆ ಅದಕ್ಕೇನೂ ತೊಂದರೆಯಿಲ್ಲ.

ಆ) ನಿಜ ಏನನ್ನೂ ಬರೆಯಲಿಲ್ಲ. ಕೆಂಪು ಸ್ವೆಟರನ್ನೇ ಬರೆದುಕೊಟ್ಟೆ. ಪ್ರವಾಸಿಗರು ಫೋಟೋ ತೆಗೆದುಕೊಂಡರು. ಹಾಳೆ ಒದ್ದೆಯಾಯಿತು, ಆಮೇಲೆ ಮೇಜು, ಆಮೇಲೆ ನಮ್ಮ ಹಾಸಿಗೆ.

ಇ) ರಗ್ನಾ ಸಾಯುವವರೆಗೆ ಕಾದೆ. ಅಷ್ಟರಲ್ಲಿ ತೋರ್ಡಿಸ್ ತೀರಿಕೊಂಡರು.

ಮೂರೂ ಬೇಡ ಎಂದು ಶನಿವಾರ ಗಂಟೆ ಹೊಡೆಯುವ ಮೊದಲು ಕೂತು ಬರೆದೆ. ಕೊನೆಯ ಮೂರು ವಾಕ್ಯ ಇವು:

“ಶನಿವಾರ ಸಂಜೆ ಅಂಗಡಿಯ ಆನ್‌ಫಿನ್ ಬಂದು ಸಿಗ್ನೆಗೆ ಅಪಾಯದ ಸುದ್ದಿ ಮುಟ್ಟಿಸಿದರು. ಭಾನುವಾರ ಬೆಳಿಗ್ಗೆ ಸಿಗ್ನೆ ಬಿಳಿ ದುಪ್ಪಟಿ ಹರವಿದರು. ಹನ್ನೊಂದು ಗಂಟೆಗೆ ಹಗ್ಗದ ಮೇಲೆ ದುಪ್ಪಟಿ ಇರಲಿಲ್ಲ.”

ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಸ್ಕಾರ್ವಾದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಭಾನುವಾರ ಹರವಿದ ಬಟ್ಟೆ ಏನಾಗುತ್ತದೆ ಎಂದು ಇಲ್ಲಿ ಪ್ರತಿಯೊಬ್ಬಳಿಗೂ ಗೊತ್ತು, ಏಕೆಂದರೆ ಪ್ರತಿಯೊಬ್ಬಳೂ ಒಮ್ಮೆಯಾದರೂ ಯಾರದೋ ಹಗ್ಗದಿಂದ ತೆಗೆದು ಮಡಚಿಟ್ಟವಳೇ.

ಸ್ಟೈನಾರ್ ಓದಿದ. ಹಾಳೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟ. “ನಮ್ಮಮ್ಮನೂ ತೆಗೀತಿದ್ಲು” ಎಂದ.

೧೦

ಭಾನುವಾರ ಬೆಳಿಗ್ಗೆ ಆ ದುಪ್ಪಟಿಯನ್ನು ನಮ್ಮ ಹಗ್ಗದ ಮೇಲೆ ಹರವಿದೆ. ಒಗೆದಿರಲಿಲ್ಲ, ಪೆಟ್ಟಿಗೆಯಿಂದ ಬಂದ ಹಾಗೇ ಒಣಗಿದ್ದದ್ದನ್ನು ಬಿಚ್ಚಿ ಹಾಕಿದೆ. ಯಾಕೆ ಹಾಕಿದೆ ಎಂದು ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಯಾರು ತೆಗೆಯುತ್ತಾರೆ ನೋಡಬೇಕಿತ್ತು. ಸ್ಟೈನಾರನನ್ನೂ ಕರೆದು ಕಿಟಕಿಯ ಹತ್ತಿರ ಕೂತೆ. ಎಲೆ ಅಲ್ಲಾಡುತ್ತಿರಲಿಲ್ಲ.

ಹತ್ತೂವರೆಗೆ ವಾಕರಿನ ಗಾಲಿ ಜಲ್ಲಿಕಲ್ಲಿನ ಮೇಲೆ ಉರುಳುವ ಸದ್ದು ಕೇಳಿಸಿತು. ರಗ್ನಾ ಒಬ್ಬರೇ ಬಂದರು. ದುಪ್ಪಟಿಯ ಆಚೆ ಬದಿಯಲ್ಲಿ ನಿಂತರು. ಅವರ ಕೈ ಮೇಲೆ ಬಂದು ಕ್ಲಿಪ್ಪನ್ನು ಹಿಡಿಯಿತು. ಎಂಬತ್ತು ವರ್ಷದ ಅಭ್ಯಾಸ, ತಡೆಯುವುದು ಸುಲಭವಲ್ಲ.

ಅದೇ ಹೊತ್ತಿಗೆ ತೋರ್ಡಿಸ್ ರಸ್ತೆಯಲ್ಲಿ ಬಂದರು. ಪ್ರಾರ್ಥನೆಗೆ ಹೊರಟವರು, ಹಾಡಿನ ಪುಸ್ತಕ ಕಂಕುಳಲ್ಲಿತ್ತು. ಭಾನುವಾರದ ದುಪ್ಪಟಿ ನೋಡಿ ನಿಂತರು. ಮರ್ಯಾದಸ್ಥೆ, ಅವರೂ ತೆಗೆಯಲೆಂದೇ ಒಳಗೆ ಬಂದರು. ದುಪ್ಪಟಿಯ ಆಚೆಗೆ ಹೋದರು. ಈಗ ನನಗೆ ಕಾಣುತ್ತಿದ್ದದ್ದು ಬಿಳಿ ಬಟ್ಟೆ, ಅದರ ಕೆಳಗೆ ಕಾಲುಗಳು, ಮೇಲೆ ಕ್ಲಿಪ್ಪು ಹಿಡಿದ ಆ ಒಂದು ಕೈ.

ಕಿಟಕಿ ಸ್ವಲ್ಪ ತೆರೆದಿತ್ತು. ರಗ್ನಾ ಅವರ ದನಿ ಕೇಳಿಸಿತು.

“ನಿಮ್ಮಪ್ಪ ಶನಿವಾರ ಸಾಯಂಕಾಲ ಬಂದಿದ್ರು” ಎಂದರು. “ಟೋಪಿ ಕೈಲಿ ಹಿಡ್ಕೊಂಡಿದ್ರು.”

ಕೈ ಕ್ಲಿಪ್ಪನ್ನು ಬಿಟ್ಟಿತು. ದುಪ್ಪಟಿ ಹಗ್ಗದ ಮೇಲೇ ಉಳಿಯಿತು.

ತೋರ್ಡಿಸ್ ಏನು ಹೇಳಿದರು ಎಂದು ನೀವು ಕೇಳುತ್ತೀರಿ. ಕೇಳಿಸಿಕೊಂಡೆ, ಬರೆಯುವುದಿಲ್ಲ. ಅವರು ಜೀವಮಾನವೆಲ್ಲ ಬೇರೆಯವರ ಮಾತನ್ನು ಬಿಚ್ಚದೆ ತಲುಪಿಸಿದವರು.

ಕಾಲುಗಳನ್ನು ಮಾತ್ರ ಹೇಳುತ್ತೇನೆ. ದುಪ್ಪಟಿಯ ಕೆಳಗೆ ರಗ್ನಾ ಅವರ ಕಪ್ಪು ಬೂಟು ಎರಡು, ತೋರ್ಡಿಸ್ ಅವರ ಕಂದು ಬೂಟು ಎರಡು. ಅವರಿಬ್ಬರ ನಡುವೆ ಇನ್ನೆರಡು, ಮರದ ಅಡಿಯ ಹಳೆಯ ಚಪ್ಪಲಿ, ಮೇಲೆ ನೀರು ತೊಟ್ಟಿಕ್ಕುವ ಲಂಗದ ಅಂಚು. ಬೆರಳುಗಳು ನನ್ನ ಕಡೆಗಿದ್ದವು. ಅಂದರೆ ಅವಳು ಕೊನೆಗೂ ಮುಖ ಇತ್ತ ತಿರುಗಿಸಿದ್ದಳು, ಬಟ್ಟೆಯ ಆಚೆಗೆ.

(ನಾಲ್ಕೇ ಕಾಲು ಎನ್ನುತ್ತಾನೆ ಸ್ಟೈನಾರ್. ವಾಸ್ತವಾಂಶ ಬೇಕಾದವರು ನಾಲ್ಕು ಎಂದು ಬರೆದುಕೊಳ್ಳಿ.)

೧೧

ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಆದರೆ ಸೋಮವಾರ ಪಂಚಾಯಿತಿಯಿಂದ ಉತ್ತರ ಬಂತು: “ತುಂಬಾ ಚೆನ್ನಾಗಿದೆ. ಕೊನೆಯ ವಾಕ್ಯ ಮಾತ್ರ ಅರ್ಧಕ್ಕೆ ನಿಂತ ಹಾಗಿದೆ. ‘ಗಾಳಿಗೆ ಹಾರಿಹೋಗಿತ್ತು’ ಎಂದು ಸೇರಿಸಲೇ?” ಬರೆದ ಹುಡುಗಿ ಓಸ್ಲೋದವಳು. ಅವಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಇವತ್ತು ಗುರುವಾರ. ದುಪ್ಪಟಿಯನ್ನು ಯಾರೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ನಾಲ್ಕು ದಿನದಿಂದ ಒಳ್ಳೆಯ ಬಿಸಿಲಿದೆ, ಗಾಳಿಯೂ ಇದೆ. ಒಣಗಿದ್ದದ್ದನ್ನೇ ಹರವಿದ್ದೆ. ಈಗಷ್ಟೇ ಹೋಗಿ ಮುಟ್ಟಿ ನೋಡಿ ಬಂದೆ, ಇನ್ನೂ ಒದ್ದೆಯಿದೆ.